ಅಕ್ಕಿಕಾಳಿನಷ್ಟೇ ಅಂತರ

"ನಮ್ಮ ಮಗ್ಗದ ದಾರರಿ ಇದು. ಇದಕ್ಕ ಅಳತಿ ತಪ್ಪಂಗಿಲ್ಲ. ತಪ್ಪಿದ್ದು ನಿಮ್ಮ ಮಾಲು."

ರೋಣದ ಬಸ್ ನಿಲ್ದಾಣದ ಎದುರು ಕಂಪ್ಯೂಟರ್ ರಿಪೇರಿ ಅಂಗಡಿ. ಗಾಜಿನ ಕೌಂಟರಿನ ಮೇಲೆ ಅರ್ಧ ಗೇಣಿನಷ್ಟು ಉದ್ದದ ಹಸಿರು ಮೆಮೊರಿ ಪಟ್ಟಿಯೊಂದನ್ನು ಇಟ್ಟು, ಅದರ ಮೇಲೆ ಕೆಂಪು ರೇಷ್ಮೆ ದಾರವನ್ನು ಎಳೆದು ಹಿಡಿದು ನಾಗರತ್ನಾ ನಿಂತಿದ್ದಳು. ಸಿಟ್ಟಿಗೆ ಅವಳ ಮೂಗಿನ ತುದಿಯೂ ದಾರದ ಬಣ್ಣಕ್ಕೆ ತಿರುಗಿತ್ತು.

ಒಳಗೆ ಸ್ಕ್ರೂ ಬಿಚ್ಚುತ್ತಿದ್ದ ಅಂಗಡಿಯ ಸಿದ್ದರಾಮೇಶ ತಲೆ ಎತ್ತಿದ. ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಕೌಂಟರಿಗೆ ಬಂದ.

"ಆ ದಾರ ಕಳಿಸಿದವರು... ನೀವೇನ್ರಿ?"

ಅವನ ತುಟಿಯ ಮೇಲೆ ನಗು ಮೂಡಿತು. ಅಷ್ಟೇ ಸಾಕಾಯಿತು ಅವಳಿಗೆ. 'ನೇಕಾರರ ಹುಡುಗಿ, ಇವಳಿಗೇನು ತಿಳಿದೀತು ಅಂತ ಹಳೇ ಮಾಲು ದಾಟಿಸಿ, ಈಗ ನಗೋದು ಬೇರೆ...'

ಆದರೆ ಆ ನಗು ಗೇಲಿಯದಾಗಿರಲಿಲ್ಲ. ಕಂಪ್ಯೂಟರಿನ ಮೆಮೊರಿ ಬೇಕೆಂದು ದಾರದ ಅಳತೆ ಕಳಿಸಿದವರನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಯಾರಿರಬಹುದು ಎಂದು ಕುತೂಹಲಪಟ್ಟಿದ್ದ, ಇವತ್ತು ಅವಳೇ ಎದುರಿಗೆ ನಿಂತಿದ್ದಳು.

ಅವಳ ಸಿಟ್ಟಿಗೂ ಕಾರಣವಿತ್ತು. ಎರಡು ಸಾವಿರದ ಏಳನೇ ಇಸವಿಯ ಮಾತು. ಗಜೇಂದ್ರಗಡದ ನೇಕಾರ ಶಿವನಪ್ಪನ ಒಬ್ಬಳೇ ಮಗಳು ನಾಗರತ್ನಾ. ಡಿಗ್ರಿ ಮುಗಿಸಿ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಾಗ ಒಮ್ಮೆ ಪರದೆಯ ಮೇಲೆ ಸೀರೆಯ ದಡಿಯೊಂದನ್ನು ಬರೆದು, ಬೆರಳೊತ್ತಿ ಅದರ ಬಣ್ಣ ಬದಲಿಸಿದ್ದಳು. ಕೆಂಪು ದಡಿ ಕಣ್ಣೆದುರೇ ಹಸಿರಾಯಿತು! ಒಂದು ಬಣ್ಣ ಬದಲಿಸಿ ನೋಡಬೇಕೆಂದರೆ ಅಪ್ಪ ಮಗ್ಗಕ್ಕೆ ಉದ್ದದ ಎಳೆಗಳ ಹೊಸ ಹಾಸನ್ನೇ ಹೂಡಬೇಕಿತ್ತು. ಅಂದಿನಿಂದ ಈ ಹುಡುಗಿಗೆ ಊಟ ರುಚಿಸಲಿಲ್ಲ.

ಕ್ಲಾಸು ಮುಚ್ಚಿದಾಗ ಅಲ್ಲಿಯವರು ಬಿಟ್ಟುಹೋದ ಕಂಪ್ಯೂಟರಿನ ಖಾಲಿ ಡಬ್ಬಿ, ಸೋದರಮಾವ ತಂದುಕೊಟ್ಟ ಮದರ್‌ಬೋರ್ಡ್, ಯಾರದೋ ಹಳೆಯ ಮಾನಿಟರ್... ಹೀಗೆ ತನ್ನದೇ ಕಂಪ್ಯೂಟರ್ ಕಟ್ಟಲು ಒಂದೊಂದೇ ಕೂಡಿಸುತ್ತ ಬಂದಳು. ಉಳಿದದ್ದು ಮೆಮೊರಿ ಒಂದೇ.

ಅಷ್ಟರಲ್ಲಿ ಇಳಕಲ್ಲಿನಿಂದ ಒಂದು ಸಂಬಂಧ ಬಂತು. ಕಂಪ್ಯೂಟರ್ ಮುಗಿಯುವವರೆಗೆ ಲಗ್ನ ಬೇಡವೆಂದು ಮಗಳು ಹಟ ಹಿಡಿದಳು. ಅಪ್ಪ ಕೊನೆಗೆ ಒಂದು ಮಾತಿಗೆ ಬಂದ.

"ದೀಪಾವಳಿಯೊಳಗ ನಿನ್ನ ಮಷೀನ್ ಚಾಲೂ ಆತಂದ್ರ, ಲಗ್ನದ ವಿಷಯದಾಗ ನಿನ್ನ ಮಾತು ನಾ ಕೇಳ್ತೇನಿ. ಆಗಲಿಲ್ಲಂದ್ರ ನನ್ನ ಮಾತು ನೀ ಕೇಳಬೇಕು."

ಶಿವನಪ್ಪ ನೂಲು ತರಲು ರೋಣಕ್ಕೆ ಹೊರಟಿದ್ದ. ಆ ಮನೆಯಲ್ಲಿ ಬಾಗಿಲ ಪರದೆಯಿಂದ ಹಿಡಿದು ಮಗುವಿನ ತೊಟ್ಟಿಲವರೆಗೆ ಎಲ್ಲಕ್ಕೂ ದಾರದ್ದೇ ಅಳತೆ. ನಾಗರತ್ನಾ ಬೋರ್ಡಿನ ಮೇಲೆ ಮೆಮೊರಿ ಕೂರುವ ಸೀಳಿಗೆ ದಾರ ಹಿಡಿದು, ಸರಿಯಾಗಿ ಅಷ್ಟೇ ಉದ್ದಕ್ಕೆ ಕತ್ತರಿಸಿ ಅಪ್ಪನ ಕೈಗೆ ಕೊಟ್ಟಳು. ದಾರಕ್ಕೆ ಸರಿಹೊಂದುವ ಪಟ್ಟಿ ಬಂತು. ಆದರೆ ಸೀಳಿನೊಳಗೆ ಇಳಿಯಲೇ ಇಲ್ಲ! ಒತ್ತಿದಳು, ತಿರುಗಿಸಿ ಒತ್ತಿದಳು. ನೋಡುತ್ತ ನಿಂತಿದ್ದ ಅಪ್ಪ, ಅರ ತಂದು ಒಂದಿಷ್ಟು ಉಜ್ಜಲೇ ಎಂದು ಕೇಳಿದ. ಅವಳು ಪಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮರುದಿನದ ಬಸ್ಸು ಹಿಡಿದಳು.

ಸಿದ್ದರಾಮೇಶ ಈಗ ಅವಳ ಕೈಯಿಂದ ದಾರವನ್ನು ಮೆಲ್ಲಗೆ ತೆಗೆದುಕೊಂಡ.

"ದಾರ ಸುಳ್ಳ ಹೇಳಿಲ್ರಿ. ಆದ್ರ ಖರೇನೂ ಪೂರಾ ಹೇಳಿಲ್ಲ."

ರಿಪೇರಿಗೆ ಬಂದಿದ್ದ ಯಾರದೋ ಕಂಪ್ಯೂಟರಿನಿಂದ ಇನ್ನೊಂದು ಪಟ್ಟಿ ತೆಗೆದು ಅವಳ ಪಟ್ಟಿಯ ಪಕ್ಕಕ್ಕೆ ಇಟ್ಟ. ಎರಡೂ ಒಂದೇ ಉದ್ದ. ಎರಡರ ಅಂಚಿಗೂ ಬಂಗಾರದ ಬಣ್ಣದ ಸಾಲು ಹಲ್ಲು, ನಡುವೆ ಒಂದು ಸಣ್ಣ ಕಚ್ಚು.

"ಆ ಕಚ್ಚು ನೋಡ್ರಿ."

ಅವಳು ಬಗ್ಗಿ ನೋಡಿದಳು. ಒಂದರ ಕಚ್ಚಿಗಿಂತ ಇನ್ನೊಂದರ ಕಚ್ಚು ಪಕ್ಕಕ್ಕೆ ಸರಿದಿತ್ತು. ಎಷ್ಟು? ಒಂದು ಅಕ್ಕಿಕಾಳಿನ ಅಗಲದಷ್ಟು.

ಅವಳು ತಂದದ್ದು ಹಳೆಯ ತರಹದ್ದು, ಇನ್ನೊಂದು ಹೊಸ ತರಹದ್ದು ಎಂದು ಅವನು ವಿವರಿಸಿದ. ಹಳೆಯದನ್ನು ಹೊಸ ಬೋರ್ಡಿಗೆ ಹಾಕಿದರೆ ಸುಟ್ಟುಹೋದೀತೆಂದು, ಯಾರೂ ತಪ್ಪಿ ಕೂರಿಸದಂತೆ ಮಾಡಿದವರೇ ಕಚ್ಚನ್ನು ಅಷ್ಟು ಸರಿಸಿಟ್ಟಿದ್ದಾರೆ. ಯಾವ ಬೋರ್ಡು ಎಂದು ಕೇಳದೆ, ಉದ್ದ ನೋಡಿ ಕೊಟ್ಟದ್ದು ತನ್ನದೇ ತಪ್ಪು ಎಂದೂ ಒಪ್ಪಿಕೊಂಡ.

ನಾಗರತ್ನಾ ಕಚ್ಚಿನ ಮೇಲೆ ಉಗುರು ಆಡಿಸಿದಳು. ಎಲ್ಲೋ ದೂರದ ದೇಶದಲ್ಲಿ ಕುಳಿತ ಯಾರೋ, ಗಜೇಂದ್ರಗಡದ ಒಬ್ಬ ಹುಡುಗಿ ತಪ್ಪು ಮಾಡಿಯಾಳು ಎಂದು ಮೊದಲೇ ಯೋಚಿಸಿ, ಅಕ್ಕಿಕಾಳಿನಷ್ಟು ಜಾಗದಲ್ಲಿ ಅವಳ ಬೋರ್ಡನ್ನು ಕಾಪಾಡಿದ್ದರು. ಮೈ ಜುಮ್ಮೆಂದಿತು.

"ಇದರಾಗ ಏನಿರತೈತ್ರಿ?" ದನಿ ತಾನಾಗಿಯೇ ಇಳಿದಿತ್ತು.

"ಕಂಪ್ಯೂಟರ್ ಆ ಹೊತ್ತಿನಾಗ ಏನು ವಿಚಾರ ಮಾಡತೈತಿ, ಅದೆಲ್ಲಾ ಇದರಾಗ ಇರತೈತ್ರಿ. ಕರೆಂಟ್ ಹೋತಂದ್ರ ಎಲ್ಲಾ ಮರೀತೈತಿ."

ಇಷ್ಟು ಸಣ್ಣ ಪಟ್ಟಿಗೆ ಅಷ್ಟೆಲ್ಲ ಹಿಡಿದೀತೇ ಎಂದು ಅವಳು ಪಟ್ಟಿಯನ್ನು ನೋಡುತ್ತಿದ್ದಳು. ಅವನು ಅವಳನ್ನು ನೋಡುತ್ತಿದ್ದ.

ಹೊಸ ತರಹದ್ದನ್ನು ಹುಬ್ಬಳ್ಳಿಯಿಂದ ತರಿಸಬೇಕಿತ್ತು. ಮನೆಗೆ ಹೋಗಿ ಬೋರ್ಡಿನ ಮೇಲೆ ಅಚ್ಚಾದ ಅಕ್ಷರಗಳನ್ನು ಫೋನಿನಲ್ಲಿ ಓದಿ ಹೇಳಲು ಅವನು ತಿಳಿಸಿದ. ಆಮೇಲೆ ಸ್ವಲ್ಪ ತಡೆದು ಸೇರಿಸಿದ.

"ಆ ದಾರ ಇನ್ನೊಮ್ಮಿ ಸೀಳಿಗೆ ಹಿಡೀರಿ. ಕಚ್ಚು ಬರೋ ಜಾಗಕ್ಕ ಒಂದು ಗಂಟು ಹಾಕಿ ಕಳಸ್ರಿ. ಈ ಸಲ ತಪ್ಪಂಗಿಲ್ಲ."

ಖರೇ ಹೇಳಬೇಕೆಂದರೆ, ಬೋರ್ಡಿನ ಹೆಸರು ಗೊತ್ತಾದರೆ ದಾರದ ಅಗತ್ಯವೇ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಅಕ್ಷರಗಳನ್ನು ಫೋನಿನಲ್ಲಿ ಹೇಳಿ ಬಂದು ಅವಳು ಗಂಟು ಹಾಕುವಾಗ ಆಯಿ ಉಡಚವ್ವ ಪಕ್ಕದಲ್ಲೇ ನೂಲಿನ ಲಡಿ ಸುತ್ತುತ್ತ ಕುಳಿತಿದ್ದಳು. ಯಾವ ದೇವರಿಗೆ ಹರಕೆ ಕಟ್ಟುತ್ತಿದ್ದೀ ಎಂದು ಮೊಮ್ಮಗಳನ್ನು ಕೆಣಕಿದಳು. ನಾಗರತ್ನಾ ಗಂಟನ್ನು ಇನ್ನಷ್ಟು ಬಿಗಿದಳು. ಶಿವನಪ್ಪ ಮಾತ್ರ ದಾರವನ್ನು ಜೇಬಿಗೆ ಇಳಿಸುತ್ತ ಮನೆಯ ಕಟ್ಟಳೆಯನ್ನು ನೆನಪಿಸಿದ. ಅಳತೆ ದಾರ ಹೊರಗಿನವರ ಕಡೆ ಉಳಿಯಬಾರದು, ಕೆಲಸ ಮುಗಿದ ಕೂಡಲೇ ಮನೆಗೆ ಬರಬೇಕು. ಅವನ ಅಪ್ಪನ ಕಾಲದಿಂದಲೂ ಹಾಗೇ ನಡೆದುಬಂದಿತ್ತು.

ದಾರ ಹೋಯಿತು. ಮೆಮೊರಿಯೂ ಬರಲಿಲ್ಲ, ದಾರವೂ ಬರಲಿಲ್ಲ.

ಗಜೇಂದ್ರಗಡದ ಬಸ್ ನಿಲ್ದಾಣದ ಬೂತಿನಿಂದ ಫೋನ್ ಮಾಡಿದರೆ ಅತ್ತ ಗಂಟೆ ಬಾರಿಸುತ್ತಲೇ ಇರುತ್ತಿತ್ತು. ನೂಲಿಗೆ ಹೋಗಿದ್ದ ಅಪ್ಪ, ಅಂಗಡಿಗೆ ಕೀಲಿ ಬಿದ್ದಿದೆ ಎಂಬ ಸುದ್ದಿ ತಂದ. ದೀಪಾವಳಿ ಬಾಗಿಲಿಗೆ ಬಂತು. ಇಳಕಲ್ಲಿನವರು ಹಬ್ಬ ಮುಗಿದ ಕೂಡಲೇ ಬರುತ್ತೇವೆಂದು ಹೇಳಿಕಳಿಸಿದರು.

'ಕರೆಂಟ್ ಹೋದರೆ ಎಲ್ಲಾ ಮರೆಯುತ್ತದೆ ಅಂದರಲ್ಲ... ಆ ಮಾತು ತಮಗೇ ಹೇಳಿಕೊಂಡಿದ್ದರೇನೋ. ನಾನು ಬಸ್ಸು ಹತ್ತಿದೆ, ಅವರು ಮರೆತರು.'

ಅವಳಿಗೆ ಅಳು ಬಂದದ್ದು ಕಂಪ್ಯೂಟರಿಗಾಗಿಯೋ ಅವನಿಗಾಗಿಯೋ ಎಂದು ಅವಳಿಗೇ ತಿಳಿಯಲಿಲ್ಲ. ಎರಡಕ್ಕೂ ಸೇರಿಸಿ ಅತ್ತಳು.

ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಮಧ್ಯಾಹ್ನ, ಹಂಡೆಗೆ ಸುಣ್ಣದ ಪಟ್ಟೆ ಬಳಿಯುತ್ತಿದ್ದವಳು ಬಾಗಿಲಲ್ಲಿ ನೆರಳು ಕಂಡು ತಿರುಗಿದಳು. ಸಿದ್ದರಾಮೇಶ! ತಲೆಯಿಂದ ಕಾಲಿನವರೆಗೆ ಧೂಳು. ಎದೆಗೆ ಅವಚಿಕೊಂಡ ಕೈಚೀಲ.

"ಮರ್ತೀರಂತ ತಿಳ್ಕೊಂಡಿದ್ದೆ," ಅಂದಳು. ಬೇರೇನಾದರೂ ಅನ್ನಬೇಕೆಂದಿದ್ದಳು, ಬಂದದ್ದು ಅದೇ.

ಅವನು ಕಟ್ಟೆಯ ಮೇಲೆ ಕುಳಿತು, ಆಯಿ ಕೊಟ್ಟ ನೀರು ಕುಡಿದು ಕತೆ ಹೇಳಿದ. ಹುಬ್ಬಳ್ಳಿಯಿಂದ ತಂದ ಪಟ್ಟಿಯ ಕಚ್ಚು ಅವಳ ಗಂಟಿಗೆ ಸರಿಯಾಗಿಯೇ ಬಂದಿತ್ತು. ಆದರೆ ಕಚ್ಚು ಕೂಡಿದ ಮಾತ್ರಕ್ಕೆ ಬೋರ್ಡು ಒಪ್ಪುತ್ತದೆಂದು ಹೇಳುವಂತಿಲ್ಲ. ಅಂಥದ್ದೇ ಬೋರ್ಡು ನರಗುಂದದ ಒಬ್ಬ ಡಾಕ್ಟರರ ಮನೆಯಲ್ಲಿದೆ ಎಂದು ತಿಳಿದು, ಯಾವಗಲ್ ದಾರಿಯಲ್ಲಿ ಕೆಟ್ಟುನಿಂತ ಬಸ್ಸಿಳಿದು, ಟ್ರ್ಯಾಕ್ಟರ್ ಹತ್ತಿ ಹೋಗಿ, ಅವರ ಕೈಕಾಲು ಹಿಡಿದು ಪಟ್ಟಿ ಹಾಕಿ ನೋಡಿದ್ದ. ಯಂತ್ರ ಬೀಪ್ ಬೀಪ್ ಎಂದು ಅಳುತ್ತ ಕೂತಿತು. ಮತ್ತೆ ಹುಬ್ಬಳ್ಳಿ, ಮತ್ತೆ ನರಗುಂದ. ಕೊನೆಗೊಂದು ಪಟ್ಟಿಯನ್ನು ಯಂತ್ರ ಒಪ್ಪಿತು. ಈ ನಡುವೆ ಅಂಗಡಿಯ ಕೀಲಿ ತೆಗೆಯಲಾಗಲಿಲ್ಲ.

"ನಿಮ್ಮ ಮುಂದ ಎರಡನೇ ಸಲ ತಪ್ಪಬಾರದು ಅನ್ನಿಸ್ತ್ರಿ. ಮೆಮೊರಿ ಮರೀಬಹುದು... ನಾ ಹ್ಯಾಂಗ ಮರೀಲಿ?"

ನಾಗರತ್ನಾ ಸುಣ್ಣದ ಕೈಯಲ್ಲೇ ನಿಂತಿದ್ದಳು. ಒಂದು ಪಟ್ಟಿಗಾಗಿ ಇಷ್ಟು ಊರು ಸುತ್ತುವವರೂ ಇರುತ್ತಾರೆಯೇ ಎಂದು ಅವಳಿಗೆ ಬೆರಗಾಯಿತು. ಅವನು ಚೀಲದಿಂದ ಪಟ್ಟಿ ತೆಗೆದು, ತಾನು ಮುಂದಾಗದೆ ಅವಳೆಡೆಗೆ ಚಾಚಿದ.

"ನೀವ ಕೂಡಸ್ರಿ. ಮಷೀನ್ ನಿಮ್ಮದು."

ಕೈ ತೊಳೆದು ಬಂದಳು. ಕಚ್ಚಿಗೆ ಕಚ್ಚು ನೋಡಿ ಮೆಲ್ಲಗೆ ಒತ್ತಿದಳು. ಎರಡೂ ತುದಿಯ ಚಿಲಕಗಳು ಟಕ್, ಟಕ್ ಎಂದು ತಾವಾಗಿಯೇ ಮುಚ್ಚಿಕೊಂಡವು. ಗುಂಡಿ ಒತ್ತಿದಳು.

ಫ್ಯಾನು ತಿರುಗಿತು. ಒಂದೇ ಒಂದು ಬೀಪ್. ಕಪ್ಪು ಪರದೆಯ ಮೇಲೆ ಬಿಳಿಯ ಅಂಕಿಗಳು ಓಡತೊಡಗಿದವು... ತನ್ನೊಳಗೆ ಎಷ್ಟು ಜಾಗವಿದೆ ಎಂದು ಯಂತ್ರ ತನ್ನನ್ನೇ ಎಣಿಸಿಕೊಳ್ಳುತ್ತಿತ್ತು. ಕಾಲು ಇಳಿಬಿಡುವ ಮಗ್ಗದ ಕುಣಿಯಿಂದ ಎದ್ದು ಬಂದ ಶಿವನಪ್ಪ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಉಡಚವ್ವ ಯಂತ್ರಕ್ಕೂ ಮೊಮ್ಮಗಳಿಗೂ ಒಟ್ಟಿಗೇ ದೃಷ್ಟಿ ನಿವಾಳಿಸಿದಳು. ನಾಗರತ್ನಾಳ ಕಣ್ಣು ತುಂಬಿ ಅಂಕಿಗಳೆಲ್ಲ ಕಲಸಿಹೋದವು. ತಾನೇ ಕೂಡಿಸಿದ್ದು ಎಚ್ಚೆತ್ತು ಅವಳನ್ನು ನೋಡುತ್ತಿತ್ತು.

"ಆತವಾ," ಅಂದ ಅಪ್ಪ. "ಇಳಕಲ್ಲಿನವರಿಗೆ ಬರಬ್ಯಾಡ್ರಿ ಅಂತ ಹೇಳ್ತೇನಿ. ಇನ್ನ ನಿನ್ನ ಮಾತು."

ಆಮೇಲೆ ಕಟ್ಟಳೆ ನೆನಪಾಗಿ ಸಿದ್ದರಾಮೇಶನ ಕಡೆ ತಿರುಗಿ ದಾರ ಕೇಳಿದ. ಅವನು ಅಂಗಿಯ ಎದೆಯ ಜೇಬಿನಿಂದ ಅದನ್ನು ತೆಗೆದ. ಶಿವನಪ್ಪನ ಬದಲು ನಾಗರತ್ನಾಳ ಕೈಗೆ ಕೊಟ್ಟ.

ನಾಗರತ್ನಾ ದಾರವನ್ನು ಬೆರಳಿನಲ್ಲಿ ಎಳೆದು ನೋಡಿದಳು. ಅವಳು ಹಾಕಿದ್ದು ಒಂದು ಗಂಟು. ಈಗ ಎರಡಿದ್ದವು. ನಡುವೆ ಅಕ್ಕಿಕಾಳಿನಷ್ಟೇ ಅಂತರ.

"ಈ ಎರಡನೇದು?"

ಅವನ ಮುಖ ಕೆಂಪಾಯಿತು. ಶಿವನಪ್ಪ ಎದುರಿಗೇ ಇದ್ದ, ಆದರೂ ಹೇಳಿದ.

"ಅದು ನಂದ್ರಿ. ನಿಮ್ಮ ಗಂಟಿನ ಬಾಜೂಕ ಇರಲಿ ಅಂತ ಹಾಕೇನಿ. ಬ್ಯಾಡಂದ್ರ ಬಿಚ್ಚರಿ."

ನಾಗರತ್ನಾ ಗಂಟು ಬಿಚ್ಚಲಿಲ್ಲ. ದಾರವನ್ನು ಮಡಚಿ, ಮತ್ತೆ ಅವನ ಅಂಗೈಯಲ್ಲೇ ಇಟ್ಟಳು.

"ಏ ರತ್ನಾ," ಅಪ್ಪ ಗಾಬರಿಯಾದ. "ಅಳತಿ ದಾರ ಹೊರಗಿನವರ ಕಡೆ ಉಳಿಬಾರದವಾ."

"ಹೊರಗಿನವರ ಕಡೆ ಎಲ್ಲಿ ಉಳೀತಪ್ಪಾ?"

ಅಪ್ಪ ಮಗಳನ್ನು ನೋಡಿದ, ಹುಡುಗನನ್ನು ನೋಡಿದ. ಮಾತು ಕೊಟ್ಟದ್ದು ತಾನೇ ಅಲ್ಲವೇ... ಟೋಪಿ ತಲೆಗಿಟ್ಟುಕೊಂಡು, ಚಹಾಕ್ಕೆ ಇಡಲು ಹೇಳುವ ನೆಪದಲ್ಲಿ ಒಳಗೆ ಹೋದ. ಉಡಚವ್ವನೂ ನಗುತ್ತ ಹಿಂದೆಯೇ ಹೋದಳು.

ಸಿದ್ದರಾಮೇಶ ಅಂಗೈ ಮುಚ್ಚಿದ.

"ಖರೇನ... ಸರಿಯಾಗಿ ನೋಡಿ ಕೊಟ್ಟೀರಿ ಹೌದಿಲ್ಲ?"

"ನಮ್ಮ ಮಗ್ಗದ ದಾರರಿ ಇದು," ಅಂದಳು ನಾಗರತ್ನಾ, ಈ ಸಲ ಮೆಲ್ಲಗೆ. "ಗಂಟು ಎರಡದಾವ. ಇನ್ನ ಅಳತಿ ತಪ್ಪಂಗಿಲ್ಲ."