ಹಿಂದಿನ ಕೋಣೆಯ ನಕ್ಷೆ

ದೆವ್ವ ಅಂದರೆ ನಗುವವಳು ನಾನು. ಮನೆಗಳ ನಕ್ಷೆ ಬರೆಯುವುದು ನನ್ನ ಕಸುಬು. ಬ್ರೌಸರ್‌ನಲ್ಲೇ ತೆರೆದುಕೊಳ್ಳುವ ಅಗ್ಗದ ಸಾಫ್ಟ್‌ವೇರ್ ನನ್ನದು. ಆದರೂ ಬರೆದ ಫೈಲು ನನ್ನ ಲ್ಯಾಪ್‌ಟಾಪ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಬೇರೆಯವರು ಕೈಯಾಡಿಸುವಂತಿಲ್ಲ.

ಚಾಮರಾಜಪೇಟೆಯ ಗೋದಮ್ಮನವರು ಹೆರಿಗೆಗೆ ಬರುವ ಮಗಳು ಚೈತನ್ಯಾಳಿಗಾಗಿ ಹಿಂದಿನ ಕೋಣೆ ರಿಪೇರಿ ಮಾಡಿಸಬೇಕೆಂದು ಕರೆಸಿದ್ದರು. ಮಟಮಟ ಮಧ್ಯಾಹ್ನ. ಹಿತ್ತಲ ಕಡೆಯ ಗೋಡೆಗೆ ಟೇಪು ಹಿಡಿದಾಗ ಅಂಗೈ ಒದ್ದೆಯಾಯಿತು. ಹಸಿ ಗಾರೆಯ ವಾಸನೆ ಬಂತು.

ಅಲ್ಲೇ ಕೂತು ನಕ್ಷೆ ಬರೆದೆ. ಕಾಫಿ ಕುಡಿದು ಬಂದು ನೋಡಿದರೆ ಆ ಗೋಡೆಯಲ್ಲೊಂದು ಬಾಗಿಲು. ಅಳಿಸಿದೆ. ಫೈಲು ಮುಚ್ಚಿ ತೆರೆದರೆ ಮತ್ತೆ ಅಲ್ಲೇ ಇತ್ತು.

“ಇಲ್ಲೇನಾದ್ರೂ ಬಾಗಿಲಿತ್ತಾ ಅಮ್ಮಾ?”

ಗೋದಮ್ಮ ದನಿ ತಗ್ಗಿಸಿದರು. “ಬಾಗಿಲಲ್ಲ ಕಣಮ್ಮ. ನಮ್ಮತ್ತೆ ಕೆಟ್ಟ ನಕ್ಷತ್ರದಲ್ಲಿ ಹೋದ್ರು. ಮುಂಬಾಗಿಲಿಂದ ತಗೊಂಡ್ಹೋಗ್ಬಾರ್ದು ಅಂತ ಆ ಗೋಡೆ ಒಡೆದು ಸಾಗಿಸಿದ್ರು. ಹೋದೋರಿಗೆ ವಾಪಸ್ ದಾರಿ ಸಿಗ್ಬಾರ್ದು ನೋಡು, ಅವತ್ತೇ ಮುಚ್ಚಿಸ್ಬಿಟ್ವಿ. ಚೈತನ್ಯಾ ಹುಟ್ಟೋಕೆ ಮುಂಚಿನ ಮಾತು.”

ಬಾಗಿಲು ಯಾವ ಕಡೆ ತೆರೆಯುತ್ತದೆಂದು ತೋರಿಸಲು ನಕ್ಷೆಯಲ್ಲೊಂದು ಬಾಗಿದ ಗೆರೆ ಎಳೆಯುತ್ತೇವೆ. ಆ ಗೆರೆ ಕೋಣೆಯ ಒಳಕ್ಕೆ ಬಾಗಿತ್ತು.

“ಈ ಕೋಣೆ ಬೇಡ ಅಮ್ಮಾ” ಎಂದೆ.

“ಬಾಣಂತೀನ ಇನ್ನೆಲ್ಲಿ ಮಲಗಿಸ್ಲಿ?” ಎಂದರು.

ರಿಪೇರಿ ಮುಗಿಯುವವರೆಗೂ ಆ ಬಾಗಿಲು ಹೋಗಲಿಲ್ಲ. ಅಳಿಸಿ ಅಳಿಸಿ ಸಾಕಾಗಿ ಕೊನೆಗೆ ಬಿಟ್ಟುಬಿಟ್ಟೆ. ಚೈತನ್ಯಾ ಕೂಸನ್ನೆತ್ತಿಕೊಂಡು ಆ ಕೋಣೆಗೆ ಬಂದ ದಿನ ಯಾಕೋ ಮನಸ್ಸು ತಡೆಯದೆ ಫೈಲು ತೆರೆದೆ. ಗೋಡೆ ಗೋಡೆಯಾಗಿಯೇ ಇತ್ತು. ಬಾಗಿಲಿರಲಿಲ್ಲ, ಯಾರೋ ಒಳಗೆ ಬಂದು ಮುಚ್ಚಿಕೊಂಡ ಹಾಗೆ.

ನಾನು ಅಳಿಸಿರಲಿಲ್ಲ.