ಅತಿ ತೆಳುವಾದ ಎಳೆ

“ಕಣ್ಣು ಮುಚ್ಚಿ,” ಎಂದ ಅವನು. “ಮುಟ್ಟಿದ್ದು ಗೊತ್ತಾದಾಗ ಹೇಳಿ.”

ಮೊದಲ ಭೇಟಿಯಲ್ಲೇ ಪರಗಂಡಸಿನ ಅಂಗೈಯಲ್ಲಿ ಕೈಯಿಟ್ಟು ಕಣ್ಣು ಮುಚ್ಚುವುದೆಂದರೆ... ಅವಳು ಹಿಂಜರಿಯುತ್ತಲೇ ಕಣ್ಣು ಮುಚ್ಚಿದಳು.

ಬಟ್ಟೆ ಗಿರಣಿಯಲ್ಲಿ ಬರೀ ಬೆರಳಾಡಿಸಿ ನೇಯ್ಗೆಯ ದೋಷ ಹಿಡಿಯುತ್ತಿದ್ದವಳು ಅವಳು. ಬಿಸಿ ಉರುಳೆಗೆ ತಗುಲಿ ಬಲಗೈ ಬೆರಳ ತುದಿಗಳು ಸುಟ್ಟಿದ್ದವು. ಅವನು ಆಸ್ಪತ್ರೆಯ ಕೈ ಚಿಕಿತ್ಸಕ. ದಪ್ಪ, ತೆಳು ನೈಲಾನ್ ಎಳೆಗಳನ್ನು ಒತ್ತಿ ಸ್ಪರ್ಶ ಅಳೆಯುತ್ತಿದ್ದ.

“ಚರ್ಮದೊಳಗೆ ಮರ್ಕೆಲ್ ಕೋಶ ಅಂತ ಇರ್ತವೆ. ಒಂಚೂರು ಒತ್ತಿದ್ರೂ ನರಕ್ಕೆ ಸುದ್ದಿ ಮುಟ್ಟಿಸ್ತವೆ.”

“ಚಾಡಿಕೋರರು ಅನ್ನಿ.”

ಅವನು ನಕ್ಕುಬಿಟ್ಟ. ಶುರುವಾದದ್ದೇ ಅಲ್ಲಿಂದ.

“ಬೆರಳು ವಾಸಿಯಾಗೋಕೆ ಮುಂಚೆ ಕೆನ್ನೆಗೆ ರಂಗು ಬಂದಿದೆ,” ಎಂದು ಮನೆಯಲ್ಲಿ ಅತ್ತಿಗೆ ಛೇಡಿಸಿದಳು.

ಒಂದು ದಿನ ಅವನೆಂದ, “ಅತಿ ತೆಳುವಾದ ಎಳೆಯೂ ಗೊತ್ತಾಯ್ತು ನಿಮಗೆ. ಇನ್ನು ಕೆಲಸಕ್ಕೆ ಹೋಗಿ.”

ಕುಣಿಯುತ್ತಾ ಹೋದಳು. ಅವಳು ಒಪ್ಪಿ ಕಳಿಸಿದ ಮೊದಲ ಬಟ್ಟೆ ಥಾನಿನ ತುಂಬ ನೂಲಿನ ಗಂಟುಗಳಿದ್ದವು. ಮೇಲ್ವಿಚಾರಕ ಎಲ್ಲರೆದುರು ಬಟ್ಟೆ ಹರವಿ, “ಮಕ್ಕಳ ಕೈಗೂ ಸಿಗತ್ತಲ್ಲಮ್ಮ ಇದು,” ಎಂದ. ಅವಳನ್ನು ಕೆಲಸದಿಂದ ನಿಲ್ಲಿಸಿದರು.

ನೇರ ಆಸ್ಪತ್ರೆಯ ಅವನ ಕೋಣೆಗೆ ಹೋಗಿ, ತೆಳು ಎಳೆಯನ್ನು ತಾನೇ ಬೆರಳಿಗೆ ಒತ್ತಿದಳು. ಎಳೆ ಬಾಗಿತು. ಬೆರಳಿಗೆ ಸುದ್ದಿಯೇ ಇಲ್ಲ.

“ಅವತ್ತು ಯಾವುದರಲ್ಲಿ ಮುಟ್ಟಿದ್ರಿ?”

“...ದಪ್ಪದ್ರಲ್ಲಿ. ಗೊತ್ತಾಗ್ಲಿಲ್ಲ ಅಂದಾಗೆಲ್ಲ ನಿಮ್ಮ ಮುಖ ಬಾಡ್ತಿತ್ತು. ನೋಡೋಕಾಗ್ಲಿಲ್ಲ. ನಿಮ್ಮ ಮೇಲಿನ ಪ್ರೀತಿಗೆ...”

“ಪ್ರೀತಿ ಅಂತ ನಂಬಿಸಿ ಕತ್ತು ಕೊಯ್ದ್ರಾ? ನಾನು ಕಣ್ಣು ಮುಚ್ಚಿದ್ದು ನಿಮ್ಮನ್ನ ನಂಬಿ.”

ದಾರಿಯುದ್ದಕ್ಕೂ ಅತ್ತಳು. ಚಾಡಿಕೋರರು ಪಾಪ, ಸುಳ್ಳು ಹೇಳಿರಲಿಲ್ಲ. ಹೇಳಿದ್ದು ಇವನು...

ಮರುದಿನ ಅವನು ಗಿರಣಿಗೆ ಬಂದು, ಅದೇ ಜನರೆದುರು ತಪ್ಪು ತನ್ನದೆಂದು ಒಪ್ಪಿಕೊಂಡನಂತೆ. ಎಡಗೈ ಪಳಗಿಸಿಕೊಂಡು ಬರಲಿ ಎಂದು ಮೇಲ್ವಿಚಾರಕ ಹೇಳಿಕಳಿಸಿದ. ಆದರೂ ಅವಳ ಸಿಟ್ಟು ಇಳಿಯಲು ಬಹಳ ದಿನ ಹಿಡಿಯಿತು.

ಕೊನೆಗೊಮ್ಮೆ ಅದೇ ಕುರ್ಚಿಯಲ್ಲಿ ಬಂದು ಕೂತಳು. ಕಣ್ಣು ಮುಚ್ಚಿದಳು. ಕಾದಳು.

“ಇನ್ನೂ ಮುಟ್ಟಿಲ್ವಾ?”

“ಆಗ್ಲೇ ಮುಟ್ಟಿದೆ.” ಎಂದ ಅವನು. “ನಿಮಗೆ ಗೊತ್ತಾಗ್ಲಿಲ್ಲ.”

ಅವಳ ಮುಚ್ಚಿದ ರೆಪ್ಪೆಯಡಿಯಿಂದ ನೀರಿಳಿಯಿತು. ಆದರೆ ಕೈ ಹಿಂದೆಗೆಯಲಿಲ್ಲ, ಕಣ್ಣೂ ತೆರೆಯಲಿಲ್ಲ.

“ಇನ್ನೊಂದ್ಸಲ ಮುಟ್ಟಿ,” ಎಂದಳು.

“ದಪ್ಪ ಎಳೆಯಿಂದ್ಲಾ?”

“ಎಳೆ ಬೇಡ. ಕೈಯಲ್ಲಿ.”