ಒಲ್ಲೆ ಎನ್ನಲೊಂದು ವೈಫೈ

"ಈಗ ಬಂದ್ರೇನ್ರಿ! ಮೊನ್ನೆಯಿಂದ ಫೋನ್ ಮಾಡಾಕತ್ತೇನಿ. ನನ್ನ ಕೆಲಸಾ ಹಾಳಾದ ಮ್ಯಾಲೆ ಬರಾವ್ರಿದ್ರೇನು?"

ಬಾಗಿಲಲ್ಲಿ ನಿಂತಿದ್ದ ಯುವಕ, ಬೈಗುಳ ಬೇರಾರಿಗೋ ಇರಬೇಕೆಂದು ಹಿಂದೆ ತಿರುಗಿ ನೋಡಿದ.

ಲಕ್ಷ್ಮೇಶ್ವರದ ಆ ಮಣ್ಣಿನ ಗೋಡೆಯ ಮನೆಯಲ್ಲಿ ಸುಶ್ಮಿತಾ ಬೆಳಗಿನಿಂದ ಕಂಪ್ಯೂಟರ್ ರಿಪೇರಿಯವನ ದಾರಿ ಕಾಯುತ್ತಿದ್ದಳು. ಆದರೆ ಬಂದವನು ಅವನಲ್ಲ. ಮುಂಡರಗಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿರುವ ನಂದೀಶ. ಅದೇ ಸಂಜೆ ಮನೆಯವರೊಂದಿಗೆ ಅವಳನ್ನು ನೋಡಲು ಬರಬೇಕಿದ್ದ ವರ!

ಎಲ್ಲರ ನಡುವೆ ತಲೆ ತಗ್ಗಿಸಿ ಕುಳಿತ ಹುಡುಗಿಯ ಮನಸ್ಸು ತಿಳಿಯುವುದಾದರೂ ಹೇಗೆ? 'ನಿಮಗೆ ಖರೇನ ಮನಸ್ಸೈತೇನ್ರಿ' ಎಂದು ಮೊದಲೇ ಕೇಳಿಬಿಡೋಣ ಅಂತ ಒಬ್ಬನೇ ಬಂದಿದ್ದ. ಸುಶ್ಮಿತಾಳಿಗೆ ಅವನ ಗುರುತು ಹತ್ತಲಿಲ್ಲ. ಸೋದರತ್ತೆ ಸುಮಿತ್ರವ್ವ ತಂದುಕೊಟ್ಟ ಫೋಟೋವನ್ನು ಅವಳು ಕಣ್ಣೆತ್ತಿಯೂ ನೋಡಿರಲಿಲ್ಲ.

"ಸಿಡಿಲಿಗೆ ಕಂಪ್ಯೂಟರಿನಾಗ ನೆಟ್ಟಿನ ವೈರ್ ಚುಚ್ಚೂ ಜಾಗಾ ಸುಟ್ಟೈತ್ರಿ. ವೈಫೈ ಡಬ್ಬಿ ಪಡಸಾಲ್ಯಾಗ ಚಲೋನ ಐತಿ. ಆದ್ರ ಈ ಕಂಪ್ಯೂಟರಿಗೆ ವೈಫೈ ಹಿಡಿಯೂ ಶಕ್ತಿ ಇಲ್ಲ. ಅದಕ್ಕೊಂದ ಅಡಾಪ್ಟರ್ ಬೇಕು. ಫೋನಿನ ನೆಟ್ ಈ ಗೋಡಿ ಒಳಗ ಬರೂದs ಇಲ್ಲ."

"ಅದು... ನಾನು..."

"ಜಲ್ದಿ ಮಾಡ್ರಿ! ಹನ್ನೆರಡಕ್ಕ ಹುಬ್ಬಳ್ಳಿ ಆನ್‌ಲೈನ್ ಕ್ಲಾಸಿನವರು ನೆಟ್ಟಿನಾಗ ನನ್ನ ಪಾಠ ಪರೀಕ್ಷಾ ಮಾಡ್ತಾರ. ಪಾಸಾದ್ರ ಮನ್ಯಾಗ ಕುಂತು ಮಕ್ಕಳಿಗೆ ಗಣಿತ ಹೇಳೂ ಕೆಲಸ. ಕೆಲಸ ಸಿಕ್ತಂದ್ರ, ಸಂಜಿಕ ನೋಡಾಕ ಬರಾವ್ರಿಗೆ ಒಲ್ಲೆ ಅಂತ ಹೇಳಿಬಿಡ್ತೇನಿ!"

ನಂದೀಶ ಮೆಲ್ಲಗೆ ಕೇಳಿದ. "ಯಾರ್ರಿ... ಬರಾವ್ರು?"

"ಯಾವನೋ ಮುಂಡರಗ್ಯಾವ."

ತೆರೆದ ಬಾಗಿಲಿನಾಚೆ, ಒಳಕೋಣೆಯ ಮಂಚದ ಮೇಲೆ ಅವಳ ಅಪ್ಪ ಅಂದಪ್ಪ ಮಲಗಿದ್ದ. ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಸುಶ್ಮಿತಾ ದನಿ ತಗ್ಗಿಸಿದಳು.

"ಹಿಂದ ಬಂದಾವ್ರೆಲ್ಲಾ ಒಂದs ಮಾತು ಅಂದ್ರು. ಹುಡುಗಿ ಬರ್ಲಿ, ಅಪ್ಪನ್ನ ಎಲ್ಲೆರ ಬಿಡ್ರಿ ಅಂತ. ಎಲ್ಲಿ ಬಿಡ್ಲಿರಿ? ಅಪ್ಪ ಏನ್ ಸಂತ್ಯಾಗ ಮಾರಲಾರದ ಉಳಿದ ಸಾಮಾನೇನು?"

ನೀರು ತುಂಬಿದ ಆ ಕಣ್ಣುಗಳನ್ನು ನೋಡಿ ನಂದೀಶ ನಿಜ ಹೇಳುವುದನ್ನೇ ಮರೆತ. ಇಲ್ಲ, ಮರೆಯಲಿಲ್ಲ... ಹೇಳಿದರೆ ಇವಳು ಮಾತು ನಿಲ್ಲಿಸುತ್ತಾಳೆ ಎಂದು ಹೆದರಿದ.

"ಕಂಪ್ಯೂಟರಿನ ಡಬ್ಬಿ ಆ ಪರದೇದ ಹಿಂದ ಐತಿ, ನೋಡ್ರಿ."

"ನೋಡಿದ್ನಿರಿ," ಎಂದ ನೋಡದೆಯೇ. "ತರ್ತೇನಿ."

ಬಜಾರಿನ ಅಂಗಡಿಯವನು, "ಒಳಗ ಕೂಡಿಸೂದು ಬೇಕೋ, ಹೊರಗ ಚುಚ್ಚೂದು ಬೇಕೋ? ಎಂಥಾ ಕಂಪ್ಯೂಟರ್?" ಎಂದು ಕೇಳಿದಾಗ ನಂದೀಶ ತಡವರಿಸಿದ. ತನ್ನ ಅಂಗಡಿಗೆ ಬಂದವರು ಬೆಳೆ ಯಾವುದೆಂದು ಹೇಳದಿದ್ದರೆ ಬೈದು ಕಳಿಸುವ ಮನುಷ್ಯ, ಇಲ್ಲಿ ಮಾತ್ರ "ಎಲ್ಲಾಕಿಂತ ಭಾರಿ ಯಾವ್ದೈತಿ, ಅದನ್ನ ಕೊಡ್ರಿ" ಅಂದುಬಿಟ್ಟ! ದೊಡ್ಡದು ಚಲೋದೇ ಇರುತ್ತದೆ ಎಂಬ ನಂಬಿಕೆ.

ಮರಳಿ ಬಂದು ಕಂಪ್ಯೂಟರಿನ ಪರದೆ ಸರಿಸಿದಾಗಲೇ ಅವನಿಗೆ ತನ್ನ ತಪ್ಪು ತಿಳಿಯಿತು.

ಕಂಪ್ಯೂಟರಿನ ಡಬ್ಬಿ ಒಂದು ದಪ್ಪ ಪುಸ್ತಕದಷ್ಟು ಚಿಕ್ಕದು! ಅವನು ತಂದಿದ್ದೋ ದೊಡ್ಡ ಡಬ್ಬಿಯ ಒಳಗೆ ಕೂರಿಸುವ, ಕೊಂಬಿನಂಥ ಎರಡು ಆಂಟೆನಾ ಇರುವ ಕಾರ್ಡು. ತಿರುವಿದ, ಮಗುಚಿದ... ಅದು ಕೂರುವ ಸೀಳೇ ಅಲ್ಲಿರಲಿಲ್ಲ.

"ಇದು... ಹತ್ತೂದಿಲ್ರಿ."

"ಅಂದ್ರ? ಮೊದಲs ನೋಡಿದ್ರೆಲ್ಲಾ!"

ಅಷ್ಟರಲ್ಲಿ ಸುಮಿತ್ರವ್ವ ಒಳಬಂದಳು. "ಅಯ್ಯ, ನಂದೀಶಪ್ಪಾ! ಸಂಜಿಕ ಬರ್ರಿ ಅಂದ್ರ ಈಗs ಬಂದ ಕುಂತೀಯಲ್ಲೋ! ಇಷ್ಟ್ಯಾಕ ಅವಸರಾ, ಅಳಿಯಾ?"

ಸುಶ್ಮಿತಾಳ ಕಿವಿಯಲ್ಲಿ ಆ ಹೆಸರು ಕಾದ ಎಣ್ಣೆಯಂತೆ ಇಳಿಯಿತು.

ಗಡಿಯಾರ ಹನ್ನೆರಡು ದಾಟಿತು.

"ಬೇಕಂತನs ತಂದ್ರಿ ಹೌದಿಲ್ಲೋ?" ಸುಶ್ಮಿತಾ ಆ ಕಾರ್ಡನ್ನು ಅವನತ್ತ ತಳ್ಳಿದಳು. "ನನಗ ಕೆಲಸಾ ಸಿಗಬಾರ್ದು, ನಾ ಒಲ್ಲೆ ಅನಬಾರ್ದು... ಅದಕ್ಕs ಹತ್ತಲಾರದ್ದು ತಂದ್ರಿ!"

"ಇಲ್ರಿ! ನನಗ ತಿಳೀಲಿಲ್ಲ. ಖರೇನ..."

"ನಾ ಎಲ್ಲಾ ಬಿಚ್ಚಿ ಹೇಳೂಮುಂದ ಸುಮ್ಮ ಕುಂತ ಕೇಳಿದ್ರೆಲ್ಲಾ! ಅದೂ ತಿಳೀಲಾರದನs ಏನು? ಹೋಗ್ರಿ. ಸಂಜಿಕ ಯಾರೂ ಬರೂದು ಬ್ಯಾಡ."

ಅವನು ಹೋದ. ಸುಮಿತ್ರವ್ವ ಗೊಣಗುತ್ತ ಹೋದಳು. ಹುಬ್ಬಳ್ಳಿಯವರ ಕಾಲು ಹಿಡಿದಂತೆ ಬೇಡಿಕೊಂಡ ಮೇಲೆ, 'ನಾಳೆ ಹತ್ತು ಗಂಟೆಗೆ, ಕೊನೆಯ ಅವಕಾಶ' ಎಂದರು. ಆದರೆ ಏನು ಪ್ರಯೋಜನ? ರಿಪೇರಿಯವನ ಫೋನು ಇನ್ನೂ ಸ್ವಿಚ್ ಆಫ್ ಆಗಿಯೇ ಇತ್ತು.

ಕತ್ತಲಾಯಿತು. ದೀಪ ಹಚ್ಚುವ ಮನಸ್ಸೂ ಆಗಲಿಲ್ಲ ಅವಳಿಗೆ. ಅಪ್ಪನಿಗೆ ಗಂಜಿ ಕುಡಿಸುವಾಗ ಕಣ್ಣೀರು ಚಮಚದ ಮೇಲೇ ಬಿತ್ತು.

"ಆ ಹುಡುಗ..." ಅಂದಪ್ಪನ ಮಾತು ತೊದಲಿತು. "ಕೈ... ನಡುಗತಿತ್ತು."

"ಕಳ್ಳರ ಕೈ ನಡುಗತಾವ ಅಪ್ಪಾ."

"ಕಳ್ಳ ಅಲ್ಲ... ಹೆದರಿದ್ದ."

ಅವಳು ಅಪ್ಪನ ಬಾಯಿ ಒರೆಸಿದಳು. ಹೆದರಿದ್ದನೇ? ಏತಕ್ಕೆ? ರಾತ್ರಿಯೆಲ್ಲ ಆ ಮಾತು ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತ್ತು.

ಬೆಳಿಗ್ಗೆ ಬಾಗಿಲು ತೆರೆದರೆ ಅವನೇ! ಕೆದರಿದ ಕೂದಲು, ಕೆಂಪಾದ ಕಣ್ಣು.

"ಬೈಯ್ರಿ, ಆಮ್ಯಾಲೆ. ಮೊದಲ ಇದನ್ನ ಚುಚ್ಚಿ ನೋಡೂಣು." ಅವನ ಕೈಯಲ್ಲಿ ಬೆರಳುದ್ದದ ಅಡಾಪ್ಟರ್, ಅದಕ್ಕೊಂದು ಕೊಂಬು, ಜೊತೆಗೆ ಉದ್ದನೆಯ ವೈರು. "ನಿನ್ನೆ ಗದಗಿಗೆ ಹೋಗಿದ್ನಿ. ಅಲ್ಲಿ ಕಂಪ್ಯೂಟರ್ ಅಂಗಡಿ ಅಲ್ಲಾಉದ್ದೀನ ಅನ್ನಾವ್ರು ಬೈದs ಬೈದ್ರು, ಕಂಪ್ಯೂಟರ್ ನೋಡಲಾರದ ಯಾರರ ಕಾರ್ಡ್ ತರ್ತಾರೇನೋ ಅಂತ. ಡಬ್ಬಿ ಎಂಥಾದ್ದು, ಗೋಡಿ ಎಂಥಾದ್ದು, ಎಲ್ಲಾ ಹೇಳಿದ್ನಿ. ಹೊರಗ ಚುಚ್ಚೂದs ಬೇಕು, ವೈರ್ ಎಳದು ಬಾಗಲದಾಗ ಇಡ್ರಿ ಅಂದ್ರು. ನೆಟ್ ಇಲ್ಲದಿದ್ರೂ ಹತ್ತಲಿ ಅಂತ ಅದರ ಸಾಫ್ಟ್‌ವೇರನ್ನ ಪೆನ್‌ಡ್ರೈವಿನಾಗ ಹಾಕಿ ಕೊಟ್ಟಾರ."

ಸುಶ್ಮಿತಾ ಅವನನ್ನೇ ನೋಡಿದಳು. "ಇದು ಹತ್ತಿದ್ರ ಏನಾಕ್ಕೈತಿ, ಗೊತ್ತೈತಿಲ್ಲೋ ನಿಮಗ?"

"ಗೊತ್ತೈತ್ರಿ. ನೀವು ನನ್ನ ಒಲ್ಲೆ ಅಂತೀರಿ." ಅವನು ಬಗ್ಗಿ ವೈರು ಎಳೆಯುತ್ತಲೇ ಹೇಳಿದ. "ಅನ್ರಿ. ಆದ್ರ ಕೆಲಸಾ ಸಿಕ್ಕ ಮ್ಯಾಲೆ ಅನ್ರಿ."

ಅವಳು ಪೆನ್‌ಡ್ರೈವ್ ಚುಚ್ಚಿ ಸಾಫ್ಟ್‌ವೇರ್ ಹಾಕಿದಳು. ಪರದೆಯ ಮೂಲೆಯಲ್ಲಿ ವೈಫೈ ಗುರುತು ಮೂಡಿತು... ತುಂಬಿತು!

ಅವನು ಸದ್ದಿಲ್ಲದೆ ಹೊರನಡೆದ.

ಪಾಠ ಶುರುವಾಯಿತು. ಹೊತ್ತು ಹೋದದ್ದೇ ತಿಳಿಯಲಿಲ್ಲ. ಕೊನೆಗೆ ಪರದೆಯ ಆಚೆಯ ಹೆಂಗಸು ನಕ್ಕು, "ಸೋಮವಾರದಿಂದ ಪಾಠ ಶುರು ಮಾಡಿ" ಎಂದಾಗ ಸುಶ್ಮಿತಾ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಆಗಲೇ ಹೊಳೆದದ್ದು... ಇಷ್ಟು ಹೊತ್ತು ಓಣಿಯಲ್ಲಿ ಒಂದು ಸದ್ದೂ ಇಲ್ಲವಲ್ಲ!

ಹೊರಗೆ ಬಂದಳು. ಓಣಿಯ ತುದಿಯಲ್ಲಿ ನಂದೀಶ ಕೈ ಅಡ್ಡ ಹಿಡಿದು ನಿಂತಿದ್ದ. ಎದುರಿಗೆ ಕಸದ ಗಾಡಿಯ ಹನಮಂತ, ಗಾಡಿಯ ಹಾಡು ಬಂದ್ ಮಾಡಿ ಕುಳಿತಿದ್ದ. ಮೀನಿನ ಬುಟ್ಟಿಯ ರಹಿಮತಬಿ ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಿದ್ದಳು.

"ಮುಗೀತೇನವಾ? ಈ ನಿನ್ನ ಪೈಲ್ವಾನಾ ನನ್ನ ಮೀನಾ ಇಲ್ಲೇ ಒಣಗಿಸಾಕ ಹತ್ತ್ಯಾನ ನೋಡು!"

ನಂದೀಶ ತಿರುಗಿದ. ಅವಳ ಮುಖ ನೋಡಿಯೇ ತಿಳಿದುಕೊಂಡ.

"ಸಿಕ್ತಲ್ರೀ... ಚಲೋ ಆತು." ನಗಲು ಹೋದ, ಆಗಲಿಲ್ಲ. "ಬರ್ತೇನ್ರಿ ಹಂಗಾರ."

"ನಿಂದರ್ರಿ. ನಿನ್ನೆ ಯಾಕ ಹೇಳ್ಲಿಲ್ಲ, ನೀವ ಯಾರಂತ?"

ಅವನು ನೆಲ ನೋಡಿದ. "ಹೇಳಿದ್ರ ನೀವು ಒಳಗ ಹೋಗಿಬಿಡ್ತಿದ್ರಿ. ಇನ್ನೊಂದೀಟು ನಿಮ್ಮ ಮಾತು ಕೇಳಬೇಕು ಅನಿಸ್ತು. ಅಷ್ಟಕ್ಕs ನಿಮ್ಮ ಬದುಕು ಕೆಡಸ್ತಿದ್ನಿ. ತಪ್ಪು ನಂದs."

ಅವಳು ಅಳುತ್ತಲೇ ಇದ್ದಳು. ಎಷ್ಟೋ ದಿನಗಳ ಭಾರ ಕರಗಿ ಹರಿಯುತ್ತಿತ್ತು.

"ನಿನ್ನೆ ನಾ ಹೂಂ ಅಂದಿದ್ರ, ಗತಿ ಇಲ್ಲದ ಅಂದಂಗಿರ್ತಿತ್ತು," ಎಂದಳು. "ಇವತ್ತ ನನಗ ಒಂದ ಗತಿ ಐತಿ. ಅದಕ್ಕs ನಾನs ಕೇಳಾಕತ್ತೇನಿ. ನನ್ನ ಲಗ್ನಾ ಆಗ್ತೀರೇನು? ಅಪ್ಪನ್ನ ಬಿಟ್ಟ ಮಾತ್ರ ಎಲ್ಲಿಗೂ ಬರಾಕಿ ಅಲ್ಲ ನಾನು."

ನಂದೀಶ ಅಡ್ಡ ಹಿಡಿದಿದ್ದ ಕೈ ಇಳಿಸುವುದನ್ನೂ ಮರೆತು ನಿಂತ. ಹನಮಂತ ಗಾಡಿಯಿಂದಲೇ ಕೂಗಿದ, "ಹೂಂ ಅನ್ಲೇ ಮಾರಾಯಾ! ಕಸಾ ನಾರಾಕತ್ತೈತಿ!"

"ಅವರ್ನ ಬಿಟ್ಟ ಬಾ ಅನ್ನಾಕ ನಾ ಯಾರ್ರಿ?" ನಂದೀಶ ಅವಳತ್ತ ಹೆಜ್ಜೆ ಇಟ್ಟ. "ಮೊದಲ ಅವರ ಮುಂದ ಹೋಗಿ ಕೇಳ್ಲೇನ್ರಿ?"

"ಏನಂತ ಕೇಳ್ತೀರಿ?"

"ನಿಮ್ಮ ಮಗಳು ನನ್ನ ಕೇಳ್ಯಾಳ್ರಿ, ನಾ ಹೂಂ ಅನ್ಲೇನ್ರಿ ಅಂತ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಬರ್ರಿ ಒಳಗ," ಎಂದು ಮೊದಲ ಸಲ ಅವನ ಕೈ ಹಿಡಿದಳು. "ಅಪ್ಪ ಎದ್ದಾನ."